ಕಾವು ಬಿಡದ ಹೇಂಟೆ

ಕಲಬುರಗಿ ಜಿಲ್ಲೆ ಚಿತ್ತಾಪುರ ತಾಲ್ಲೂಕಿನ ನಮ್ಮ ಹೊಲದ ಮನೆಯಲ್ಲಿ ಈಗ 13 ಹೇಂಟೆ, 2 ಹುಂಜ, ಬುಟ್ಟಿಯಡಿ ಮೂರು ವಾರದ 19 ಮರಿ ಇವೆ. ಎಲ್ಲವೂ ಜವಾರಿ, ಅಂದರೆ ನಾಟಿ ಕೋಳಿ. ಆರು ವರ್ಷದ ಹಿಂದೆ ಶುರು ಮಾಡಿದಾಗಲೂ ಜವಾರಿಯೇ ಇದ್ದವು. ನಡುವೆ ಎರಡು ವರ್ಷ ನಾನೇ ಕೈಯಾರೆ ಕೆಡಿಸಿಕೊಂಡೆ, ಮೊದಲು ಅದನ್ನೇ ಹೇಳಿಬಿಡುತ್ತೇನೆ.

ಜವಾರಿ ಹೇಂಟೆ ವರ್ಷಕ್ಕೆ 50-60 ತತ್ತಿ ಇಟ್ಟರೆ ಹೆಚ್ಚು. ಹನ್ನೆರಡೋ ಹದಿನೈದೋ ಇಟ್ಟು ಕಾವಿಗೆ ಕೂತುಬಿಡುತ್ತದೆ. 21 ದಿನ ಕಾವು, ಆಮೇಲೆ ಎರಡು ತಿಂಗಳು ಮರಿಗಳ ಬೆನ್ನಿಗೆ ತಿರುಗಾಟ. ಅಷ್ಟು ದಿನ ತತ್ತಿ ಇಲ್ಲ. ಲೆಕ್ಕ ಹಾಕಿದಾಗ ನನಗೆ ಹೊಟ್ಟೆ ಉರಿಯಿತು. ತತ್ತಿ ಹೆಚ್ಚಲಿ ಅಂತ ಸುಧಾರಿತ ತಳಿಯ ಒಂದು ಹುಂಜ ತಂದು ಬಿಟ್ಟೆ. ಮೈ ತುಂಬ ಮಾಂಸ, ನಡಿಗೆಯೋ ಊರ ಗೌಡರದು. ಅತ್ತೆ ನೋಡಿದ ದಿನವೇ ಅಂದಿದ್ದರು: "ಇದರ ಮಕ್ಕಳು ತತ್ತಿ ಇಡ್ತಾವ, ಖರೆ ತಾಯಿ ಆಗಂಗಿಲ್ಲ ನೋಡವಾ."

ಹಾಗೇ ಆಯಿತು. ಆ ಹುಂಜದಿಂದ ಹುಟ್ಟಿದ ಯಾಟೆಗಳು, ಅಂದರೆ ಎಳೆ ಹೇಂಟೆಗಳು, ನೂರರ ಮೇಲೆ ತತ್ತಿ ಕೊಟ್ಟವು, ಸುಳ್ಳು ಹೇಳಬಾರದು. ಆದರೆ ಕಾವಿಗೆ ಕೂರುವ ಮಾತೇ ಇಲ್ಲ. ಒಂದು ಕೂತಿತು, ನಾಲ್ಕನೇ ದಿನ ಎದ್ದು ಹೋಯಿತು. ಇನ್ನೊಂದು ಹನ್ನೊಂದು ದಿನ ಕೂತು, ರಾಶಿ ಮಾಡುವ ಸದ್ದು ಕೇಳಿ ಕಣಕ್ಕೆ ಓಡಿತು. ತಿರುಗಿ ಬರಲಿಲ್ಲ. ತತ್ತಿ ಕೈಗೆತ್ತಿಕೊಂಡರೆ ತಣ್ಣಗೆ, ಒಳಗೆ ಅರ್ಧ ಬೆಳೆದ ಮರಿ. ಕರೆಂಟಿನ ಕಾವು ಪೆಟ್ಟಿಗೆಯನ್ನೂ ತಂದೆ. ನಮ್ಮೂರ ಬೇಸಿಗೆ ಕರೆಂಟಿನ ಮೇಲೆ ಭರವಸೆ ಇಟ್ಟು 40 ತತ್ತಿ ಕಳಕೊಂಡ ಮೇಲೆ ಆ ಪೆಟ್ಟಿಗೆ ಈಗ ಬೆಳ್ಳುಳ್ಳಿ ಇಡಲು ಆಗಿದೆ.

ಆಮೇಲೆ ಕಾಗಿಣಾ ನದಿ ದಂಡೆಯ ಒಂದು ಊರಿನಿಂದ, ಮುದುಕಿಯೊಬ್ಬರ ಅಂಗಳದಿಂದ ಒಂದೇ ಒಂದು ಹೇಂಟೆ ತಂದೆ. ಮೈಮೇಲೆ ಬಿಳಿ ಚುಕ್ಕೆ, ಹೆಸರು ಚುಕ್ಕಿ. ಕಾವಿಗೆ ಕೂತಾಗ ಅದನ್ನು ನೋಡಬೇಕು. ಗರಿ ಉಬ್ಬಿಸಿ ರೊಟ್ಟಿ ಹಂಚಿನಷ್ಟು ಅಗಲವಾಗುತ್ತದೆ, ಹತ್ತಿರ ಹೋದರೆ ಹಾವಿನ ಹಾಗೆ ಬುಸುಗುಡುತ್ತದೆ, ಕೈ ಹಾಕಿದರೆ ಕುಕ್ಕುತ್ತದೆ. ದಿನಕ್ಕೊಮ್ಮೆ ಎದ್ದು ನುಚ್ಚು ತಿಂದು, ನೀರು ಕುಡಿದು, ಒಂದು ದೊಡ್ಡ ಗಬ್ಬು ಹಿಕ್ಕೆ ಹಾಕಿ, ಬೂದಿಯಲ್ಲಿ ಎರಡು ಉರುಳು ಉರುಳಿ, ಕಾಲು ಗಂಟೆಯೊಳಗೆ ಗೂಡಿಗೆ ವಾಪಸ್. ಮೊದಲ ಸಲವೇ 12 ತತ್ತಿಗೆ 11 ಮರಿ. ಮುಂಗುಸಿಯೊಂದು ಬಣವೆ ಹಿಂದಿನಿಂದ ಬಂದಾಗ ಚುಕ್ಕಿ ಅದರ ಮುಖಕ್ಕೇ ಹಾರಿದ್ದನ್ನು ನಾನು ಕಣ್ಣಾರೆ ಕಂಡೆ. ಬಾಲದ ಗರಿ ಹೋದವು, ಮರಿ ಒಂದೂ ಹೋಗಲಿಲ್ಲ.

ಅಂದಿನಿಂದ ನನ್ನ ವಹಿಯಲ್ಲಿ ಒಂದೊಂದು ಹೇಂಟೆಗೂ ಮೂರೇ ಲೆಕ್ಕ: ಎಷ್ಟು ದಿನ ಕೂತಿತು, ಎಷ್ಟು ತತ್ತಿ ಒಡೆದು ಮರಿಯಾಯಿತು, ಎರಡು ತಿಂಗಳಿಗೆ ಎಷ್ಟು ಮರಿ ಉಳಿದವು. ಕೊನೆಯದೇ ಮುಖ್ಯ. ತತ್ತಿ ಎಣಿಸುವುದನ್ನು ಬಿಟ್ಟೆ. ಮುಂದಿನ ಹುಂಜವನ್ನು ಆರಿಸುವಾಗಲೂ ಅದರ ತಾಯಿಯ ಪುಟ ನೋಡುತ್ತೇನೆ. ಜನ ಹುಂಜದ ಜುಟ್ಟು, ಬಣ್ಣ, ಕಾಲು ನೋಡುತ್ತಾರೆ. ಹುಂಜ ತಾನು ಕಾವಿಗೆ ಕೂರುವುದಿಲ್ಲ ನಿಜ, ಆದರೆ ತಾಯಿಯ ಗುಣವನ್ನು ಹೆಣ್ಣುಮಕ್ಕಳಿಗೆ ದಾಟಿಸುವುದು ಅದೇ. ಹತ್ತು ಹೇಂಟೆಗೆ ಒಂದು ಹುಂಜ ಸಾಕು, ಅಂದರೆ ಒಂದು ಹುಂಜ ತಪ್ಪಿದರೆ ಹತ್ತು ಮನೆ ಕೆಟ್ಟ ಹಾಗೆ.

ಬೇಸಿಗೆಯಲ್ಲಿ ಇನ್ನೊಂದು ಪಾಠ ಕಲಿತೆ. ಏಪ್ರಿಲ್‌ನಲ್ಲಿ ಚುಕ್ಕಿ ಕೆಳಗೆ 13 ತತ್ತಿ ಇಟ್ಟಿದ್ದೆ. ಏಳನೇ ರಾತ್ರಿ ಕತ್ತಲ ಕೋಣೆಯಲ್ಲಿ ಟಾರ್ಚ್ ಹಿಡಿದು ನೋಡಿದರೆ ಒಂಬತ್ತರಲ್ಲಿ ಒಳಗೆ ಕೆಂಪು ಉಂಗುರ. ಜೀವ ಇರುವ ತತ್ತಿಯಲ್ಲಿ ಜೇಡನ ಬಲೆಯ ಹಾಗೆ ನರ ಹರಡಿರುತ್ತವೆ. ಉಂಗುರ ಕಂಡರೆ ಒಳಗೆ ಜೀವ ಮೊಳೆತು ಸತ್ತಿದೆ ಎಂದು ಅರ್ಥ. ಹೇಂಟೆಯ ತಪ್ಪಲ್ಲ, ನನ್ನದು. ಕಾವಿಗೆ ಬೇಕಾದ ಬಿಸಿ ಸುಮಾರು 37.5 ಡಿಗ್ರಿ. ನಮ್ಮಲ್ಲಿ ಬೇಸಿಗೆ ಮಧ್ಯಾಹ್ನ 42 ದಾಟುತ್ತದೆ. ತಗಡಿನ ಡಬ್ಬಿಯಲ್ಲಿ ಹತ್ತು ದಿನ ಕೂಡಿಟ್ಟ ತತ್ತಿಯೊಳಗೆ, ಹೇಂಟೆ ಕೂರುವ ಮೊದಲೇ ಹಗಲ ಸೆಕೆಗೆ ಜೀವ ಮೊಳೆಯುತ್ತದೆ, ರಾತ್ರಿ ನಿಲ್ಲುತ್ತದೆ, ಸಾಯುತ್ತದೆ. ಈಗ ದೊಡ್ಡ ಗಡಿಗೆಯಲ್ಲಿ ಹಸಿ ಮರಳು ತುಂಬಿ, ನಡುವೆ ಸಣ್ಣ ಗಡಿಗೆ ಹುಗಿದು, ಅದರೊಳಗೆ ಒಣ ಅರಿವೆ ಹಾಸಿ ತತ್ತಿ ಇಡುತ್ತೇನೆ, ಚೂಪು ತುದಿ ಕೆಳಗೆ, ಮೇಲೆ ಪೆನ್ಸಿಲ್‌ನಲ್ಲಿ ತಾರೀಖು. ಏಳು ದಿನ ಮೀರಿದ್ದು ನೇರ ಅಡುಗೆ ಮನೆಗೆ. ಏಪ್ರಿಲ್, ಮೇ ತಿಂಗಳಲ್ಲಂತೂ ಮರಿ ಮಾಡುವ ಆಸೆಯನ್ನೇ ಬಿಟ್ಟಿದ್ದೇನೆ. ದಸರಾದಿಂದ ಹೋಳಿಯವರೆಗೆ ಮರಿಗೆ ಒಳ್ಳೆಯ ಕಾಲ.

ಗೂಡಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಶಹಾಬಾದಿನ ಫರ್ಸಿ ಕಲ್ಲು ನಮ್ಮ ಕಡೆ ಅಗ್ಗ, ಹಾಗಾಗಿ ಗೋಡೆ, ಮಾಡು ಎಲ್ಲ ಫರ್ಸಿಯದೇ ಮಾಡಿದ್ದೆ. ಮುಂಗುಸಿ ತೂರದು, ಸರಿ. ಆದರೆ ಸಂಜೆಯಾದರೂ ಕಲ್ಲು ಬಿಸಿ ಕಕ್ಕುತ್ತಿತ್ತು, ಕೋಳಿ ಬಾಯಿ ತೆರೆದು ಏದುಸಿರು ಬಿಡುತ್ತಿದ್ದವು. ಮಾಡಿನ ಕಲ್ಲು ತೆಗೆಸಿ ತೊಗರಿ ಕಟ್ಟಿಗೆ, ಮೇಲೆ ಜೋಳದ ಕಣಿಕೆ ಹೊದಿಸಿ, ಗೂಡನ್ನು ಬೇವಿನ ಗಿಡದ ಕೆಳಗೆ ಸರಿಸಿದೆ.

ಕೊಕ್ಕರೆ ರೋಗದ ಮಾತು ಮಾತ್ರ ಉದ್ದ. ಒಂದು ಮಾರ್ಚ್ ತಿಂಗಳಲ್ಲಿ ನನ್ನ 30 ಕೋಳಿಯಲ್ಲಿ 22 ಒಂದೇ ವಾರದಲ್ಲಿ ಹೋದವು. ಹಸಿರು ಬಿಳಿ ಬೇಧಿ, ಬಾಯಿ ತೆರೆದು ಕೊಕ್ಕರಿಸುವುದು, ಕೊನೆಗೆ ಕುತ್ತಿಗೆ ತಿರುಚಿ ಆಕಾಶ ನೋಡುವುದು. ರಾಣಿಖೇತ್ ಅನ್ನುವುದು ಇದನ್ನೇ. ಬಂದ ಮೇಲೆ ಮದ್ದಿಲ್ಲ, ಬರುವ ಮೊದಲು ಲಸಿಕೆ ಅಷ್ಟೇ. ರೋಗ ಎಲ್ಲಿಂದ ಬಂತು ಅಂದರೆ, ಪಕ್ಕದ ಊರಲ್ಲಿ ಕೋಳಿ ಸಾಯಲು ಹತ್ತಿದಾಗ ಉಳಿದವನ್ನು ಬುಟ್ಟಿಗೆ ಹಾಕಿ ಸಂತೆಗೆ ತಂದಿದ್ದರು. ಅಗ್ಗಕ್ಕೆ ಸಿಕ್ಕವು ಎಂದು ಎರಡನ್ನು ತಂದವಳು ನಾನೇ. ಈಗ ಸಂತೆಯ ಕೋಳಿ ನಮ್ಮ ಅಂಗಳಕ್ಕೆ ಬರುವುದಿಲ್ಲ. ಬದಲಿ ತಂದದ್ದು ಏನೇ ಇರಲಿ, 21 ದಿನ ದೂರದ ಹಟ್ಟಿಯಲ್ಲಿ ಬೇರೆಯಾಗಿ ಕಟ್ಟುತ್ತೇನೆ.

ಲಸಿಕೆಯದು ಸಣ್ಣ ಸಾಕಣೆಯವರಿಗೆ ಬೇರೆಯೇ ತೊಂದರೆ. ಏಳನೇ ದಿನ ಮರಿಯ ಕಣ್ಣಿಗೆ ಲಾಸೋಟಾ ಎಂಬ ಲಸಿಕೆ ಒಂದೊಂದು ಹನಿ, ಎಂಟನೇ ವಾರಕ್ಕೆ ಅದೇ ರೋಗಕ್ಕೆ ಆರ್‌ಟುಬಿ ಎಂಬ ಚುಚ್ಚುಮದ್ದು. ನನಗೆ ಬೇಕಾದದ್ದು 20 ಹನಿ, ಸಿಗುವ ಸೀಸೆ ನೂರಾರು ಕೋಳಿಗಾಗುವಷ್ಟು. ಕಲಸಿದ ಮೇಲೆ ಎರಡು ತಾಸಿನೊಳಗೆ ಮುಗಿಸಬೇಕು. ಹಾಗಾಗಿ ಓಣಿಯ ಆರು ಮನೆಯವರು ಒಪ್ಪಿ ಒಂದೇ ವಾರಕ್ಕೆ ಹೇಂಟೆ ಕೂರಿಸುತ್ತೇವೆ, ಮರಿ ಒಂದೇ ವಾರಕ್ಕೆ ಒಡೆಯುತ್ತವೆ. ದವಾಖಾನೆಯಿಂದ ಥರ್ಮಾಸ್‌ನಲ್ಲಿ ಬರ್ಫ್ ಹಾಕಿ ಸೀಸೆ ತರುವುದು ನನ್ನ ಕೆಲಸ. ಬೆಳಿಗ್ಗೆ ಏಳಕ್ಕೆ ಹೆಂಗಸರೆಲ್ಲ ಸೆರಗಿನಲ್ಲಿ ಮರಿ ತಂದು ಕೂರುತ್ತಾರೆ. ಅರ್ಧ ಹರಟೆ, ಅರ್ಧ ಲಸಿಕೆ.

ಮಾರಾಟದ್ದು ಒಂದೇ ಮಾತು. ಶ್ರಾವಣದಲ್ಲಿ ನಮ್ಮ ಕಡೆ ಯಾರೂ ಕೋಳಿ ಕೇಳುವುದಿಲ್ಲ. ಬೆಳೆದ ಹುಂಜಗಳು ಉಳಿದು ಒಂದಕ್ಕೊಂದು ಜುಟ್ಟು ಕಿತ್ತಾಡುತ್ತವೆ. ಅದಕ್ಕೇ ಹೆಚ್ಚಿನ ಹುಂಜಗಳನ್ನು ಆಷಾಢದೊಳಗೆ ಕಳಿಸಿಬಿಡುತ್ತೇನೆ. ಬಂದವರು ಕಡಕ್‌ನಾಥ್ ಇದೆಯಾ ಎಂದೂ ಕೇಳುತ್ತಾರೆ. ಅದು ಮಧ್ಯಪ್ರದೇಶದ ಝಾಬುವಾದ ಕೋಳಿ, 2018ರಲ್ಲಿ ಭೌಗೋಳಿಕ ಗುರುತು ಪಡೆದದ್ದು. ಅಲ್ಲಿನವರು ಕಾಪಾಡಿಕೊಳ್ಳಲಿ, ನನ್ನ ಪಾಲಿಗೆ ಚುಕ್ಕಿಯ ಮನೆತನ ಸಾಕು.

ರಕ್ತ ಹತ್ತಿರವಾಗಬಾರದೆಂದು ಎರಡು ವರ್ಷಕ್ಕೊಮ್ಮೆ ಹುಂಜ ಬದಲಿಸುತ್ತೇನೆ. ಈ ಸಲ ಸೇಡಂ ಕಡೆಯವರೊಬ್ಬರ ಹುಂಜ ಒಪ್ಪಿತವಾಗಿದೆ, ಅವರಿಗೆ ನಮ್ಮದು. ಅದರ ತಾಯಿ ಎಷ್ಟು ಮರಿ ಉಳಿಸಿತ್ತು ಎಂದು ಫೋನಿನಲ್ಲಿ ಕೇಳಿದೆ. "ಅದ್ಯಾಕ್ ಬೇಕ್ರಿ ಅಕ್ಕೋರ, ಹುಂಜದ ತೂಕ ಕೇಳ್ರಿ," ಅಂದರು. ತೂಕ ಆಮೇಲೆ ಅಂದೆ. ಮರುದಿನ ಅವರ ಮನೆಯವರೇ ಫೋನ್ ಮಾಡಿದರು: "ಹನ್ನೊಂದರಾಗ ಒಂಬತ್ತು ಉಳಿಸಿತ್ರಿ, ಎರಡು ಹದ್ದು ಒಯ್ತು." ಶುಕ್ರವಾರ ಬುಟ್ಟಿ ತಗೊಂಡು ಹೋಗುತ್ತೇನೆ.