ಒಂದು ವೆಬ್‌ಸೈಟ್ ಸಾಕಾ, ಮೂರು ಬೇಕಾ? ಡೊಮೇನ್ ಕೊಳ್ಳುವ ಮೊದಲು ಮಾಡಬೇಕಾದ ಕೆಲಸ

ಕಳೆದ ತಿಂಗಳು ನನ್ನ ತಂಗಿಯ ಮಗಳು ಫೋನ್ ಮಾಡಿದಳು. "ದೊಡ್ಡಮ್ಮ, ಮೂರು ಡೊಮೇನ್ ಹೆಸರು ಸಿಗ್ತಿವೆ. ಮೂರನ್ನೂ ತಗೊಂಡುಬಿಡ್ಲಾ?" ಡೊಮೇನ್ ಅಂದರೆ ಇಂಟರ್ನೆಟ್‌ನಲ್ಲಿ ವೆಬ್‌ಸೈಟ್‌ನ ವಿಳಾಸ. ಇನ್‌ಸ್ಟಾಗ್ರಾಂನಲ್ಲಿ ಅವಳು ಅಡುಗೆ ಸಾಮಾನು, ಮಕ್ಕಳ ಆಟಿಕೆ, ಮುಖದ ಕ್ರೀಮು ಮೂರರ ಬಗ್ಗೆಯೂ ರೀಲ್ಸ್ ಮಾಡುತ್ತಾಳೆ. "ಒಂದು ವಾರ ತಡಿ" ಅಂದೆ. ನಾನೂ ಹಾಗೇ ಮೂರು ಕೊಂಡವಳು. ಅದನ್ನು ಸರಿಮಾಡುವುದಕ್ಕೆ ಎರಡು ವರ್ಷ ಹಿಡಿಯಿತು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನಿರುವುದು ದಾವಣಗೆರೆಯಲ್ಲಿ. ದೋಸೆ ಹಂಚು, ಗ್ರೈಂಡರ್, ಮಿಕ್ಸಿ ಜಾರ್ ಇವನ್ನು ಬಳಸಿ ನೋಡಿ ವಿಡಿಯೊ ಮಾಡುತ್ತೇನೆ. ತಾರಸಿ ಮೇಲೆ ಗ್ರೋ ಬ್ಯಾಗ್‌ನಲ್ಲಿ ತರಕಾರಿ ಬೆಳೆಯುತ್ತೇನೆ, ಅದರ ವಿಡಿಯೊಗಳೂ ಇವೆ. ಮನೆಯಲ್ಲಿ ಬ್ಲೌಸ್ ಹೊಲಿಯುತ್ತೇನೆ, ಹಾಗಾಗಿ ಹೊಲಿಗೆ ಮಷಿನ್ ಬಗ್ಗೆಯೂ ಜನ ಕೇಳುತ್ತಾರೆ. ಯಾರಾದರೂ ನನ್ನ ಲಿಂಕ್ ಮೂಲಕ ಕೊಂಡರೆ ನನಗೆ ಸ್ವಲ್ಪ ಕಮಿಷನ್. ಒಂದೂವರೆ ಸಾವಿರದ ಹಂಚಿಗೆ ಶೇಕಡಾ 5 ಅಂತ ಇಟ್ಟುಕೊಂಡರೆ 75 ರೂಪಾಯಿ. ಇಷ್ಟು ಸಣ್ಣ ಮೊತ್ತದಲ್ಲಿ ಮೂರು ಸೈಟ್ ಸಾಕಬೇಕಾ ಅನ್ನುವುದೇ ಮೊದಲ ಲೆಕ್ಕ.

ಸೈಟೇ ಇಲ್ಲದೆ ಬರೀ ಇನ್‌ಸ್ಟಾದಲ್ಲಿ ನಡೆಸಬಹುದಲ್ವಾ ಅಂತ ಕೇಳುವವರಿದ್ದಾರೆ. ನಡೆಸಬಹುದು, ಆದರೆ ಅದು ಬೇರೆಯವರ ಜಾಗ. 2020ರ ಜೂನ್ 29ರಂದು ಸರ್ಕಾರ ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ನಿಷೇಧಿಸಿತು. ಟಿಕ್‌ಟಾಕ್‌ನಲ್ಲಿ ವರ್ಷಗಟ್ಟಲೆ ಕೂಡಿಸಿದ ಫಾಲೋವರ್‌ಗಳು ಒಮ್ಮೆಗೇ ಕೈಬಿಟ್ಟು ಹೋದರು. ಇನ್‌ಸ್ಟಾದಲ್ಲಿ ಕ್ಯಾಪ್ಶನ್‌ನಲ್ಲಿ ಹಾಕಿದ ಲಿಂಕ್ ಒತ್ತಿದರೆ ತೆರೆಯುವುದಿಲ್ಲ. ಯೂಟ್ಯೂಬ್ ಶಾರ್ಟ್ಸ್‌ನ ಕಾಮೆಂಟು, ವಿವರಣೆಯಲ್ಲೂ 2023ರಿಂದ ಹಾಗೇ ಆಗಿದೆ. ರೀಲ್ ನಾಲ್ಕು ದಿನ ಓಡಿ ಕೆಳಗೆ ಹೋಗುತ್ತದೆ. "ಬೀಡು ಕಬ್ಬಿಣದ ಹಂಚು ಪಳಗಿಸುವುದು ಹೇಗೆ" ಅಂತ ಬರೆದಿಟ್ಟ ಪುಟ ಮಾತ್ರ ವರ್ಷಗಳಾದ ಮೇಲೂ ಹುಡುಕಿದವರಿಗೆ ಸಿಗುತ್ತಿರುತ್ತದೆ. ಹಾಗಾಗಿ ಒಂದು ಸೈಟ್ ಬೇಕೇ ಬೇಕು.

ಎರಡನೆಯದು ಬೇಕಾ ಅನ್ನುವುದಕ್ಕೆ ನಾನು ನಂಬುವ ಪರೀಕ್ಷೆ ಒಂದೇ. ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಪ್ರತಿ ವಿಷಯದ ಇಪ್ಪತ್ತು ಪೋಸ್ಟ್ ತೆರೆದು, ಕಾಮೆಂಟ್ ಹಾಕಿದವರ ಹೆಸರು ಬರೆದುಕೊಳ್ಳಿ. ಒಂದು ವಿಷಯಕ್ಕೆ ಒಂದು ಕಾಲಂ. ನಾನು ಹೀಗೆ ಬರೆದಾಗ ಅಡುಗೆಯ ಕಾಲಂನಲ್ಲಿದ್ದ ಹೆಸರುಗಳಲ್ಲಿ ಹೆಚ್ಚುಕಡಿಮೆ ಅರ್ಧ ತೋಟದ ಕಾಲಂನಲ್ಲೂ ಬಂದವು. ಕೊತ್ತಂಬರಿ ಬೆಳೆಯುವವರೇ ಚಟ್ನಿ ರುಬ್ಬುವವರು! ಹೊಲಿಗೆಯ ಕಾಲಂನಲ್ಲಿ ಮಾತ್ರ ಪೂರ್ತಿ ಬೇರೆ ಜನ. ಫಾಲ್, ಜಿಗ್‌ಜಾಗ್ ಮಾಡಿ ದುಡಿಯುವ ಹೆಣ್ಣುಮಕ್ಕಳು. ಅವರ ಪ್ರಶ್ನೆಗಳೂ ಬೇರೆ: ಮೋಟರ್ ಎಷ್ಟು ಕರೆಂಟ್ ತಿನ್ನುತ್ತೆ, ಬಾಬಿನ್ ಕೇಸ್ ನಮ್ಮೂರಲ್ಲಿ ಸಿಗುತ್ತಾ, ಓವರ್‌ಲಾಕ್ ಮಷಿನ್‌ಗೆ ಹಾಕಿದ ದುಡ್ಡು ಎಷ್ಟು ತಿಂಗಳಲ್ಲಿ ವಾಪಸ್ ಬರುತ್ತೆ. ಹೆಸರುಗಳು ಬೆರೆತರೆ ಒಂದೇ ಸೈಟ್, ಬೆರೆಯದಿದ್ದರೆ ಬೇರೆ ಸೈಟ್ ಬಗ್ಗೆ ಯೋಚಿಸಿ. ವಿಷಯ ಬೇರೆ ಅನ್ನುವುದಕ್ಕೆ ಸೈಟ್ ಬೇರೆ ಮಾಡಬೇಕಿಲ್ಲ, ಓದುವವರು ಬೇರೆಯಾದರೆ ಮಾತ್ರ ಮಾಡಿ.

ಇದನ್ನು ನಾನು ಮೊದಲೇ ಮಾಡಲಿಲ್ಲ. ಮೂರು ಸೈಟ್ ಇದ್ದಾಗ ಡೊಮೇನ್, ಹೋಸ್ಟಿಂಗ್ (ಸೈಟ್ ಇಡುವ ಜಾಗದ ಬಾಡಿಗೆ) ಎಲ್ಲದರ ಖರ್ಚೂ ಮೂರು ಪಾಲು. ಮೊದಲ ವರ್ಷದ ಆಫರ್ ಬೆಲೆ ನೋಡಿ ಕೊಂಡಿದ್ದೆ, ನವೀಕರಣಕ್ಕೆ ಜಾಸ್ತಿ ಕೇಳಿದರು. ಆದರೆ ದುಡ್ಡಿಗಿಂತ ಹೆಚ್ಚು ಹೋದದ್ದು ಸಮಯ. ಸ್ಟಾಕ್ ಮುಗಿದ ವಸ್ತುವಿನ ಲಿಂಕ್ ಬದಲಿಸಬೇಕು, ಪ್ಲಗಿನ್ (ಸೈಟ್‌ಗೆ ಸೇರಿಸಿಕೊಂಡ ಸಣ್ಣ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಬೇಕು, ಹೊಸ ಪುಟ ಬರೆಯಬೇಕು. ಭಾನುವಾರ ಒಂದು ಸೈಟ್‌ಗೇ ಮುಗಿಯುತ್ತಿತ್ತು. ಒಂದು ಮಳೆಗಾಲದಲ್ಲಿ ತೋಟದ ಸೈಟ್‌ನ ಡೊಮೇನ್ ಅವಧಿ ಮುಗಿದದ್ದು ಗೊತ್ತಾಗಲೇ ಇಲ್ಲ. ಬಿತ್ತನೆಗೆ ಜನ ಹುಡುಕುವ ಹೊತ್ತಿಗೆ ಸರಿಯಾಗಿ ಸೈಟ್ ತೆರೆಯುತ್ತಿರಲಿಲ್ಲ. ನನ್ನನ್ನು ನಂಬಿ ಲಿಂಕ್ ಒತ್ತಿದವರಿಗೆ ಖಾಲಿ ಪುಟ ಸಿಕ್ಕಿತಲ್ಲ ಅನ್ನುವ ಬೇಸರ ಈಗಲೂ ಇದೆ.

ಆಮೇಲೆ ತೋಟವನ್ನು ಅಡುಗೆಯ ಸೈಟ್ ಒಳಗೇ ತಂದೆ. ನೀವೂ ಸೈಟ್‌ಗಳನ್ನು ಕೂಡಿಸುವುದಾದರೆ, ಹಳೆಯ ಪ್ರತಿ ಪುಟದಿಂದ ಅದರದೇ ಹೊಸ ಪುಟಕ್ಕೆ 301 ರೀಡೈರೆಕ್ಟ್ ಕೊಡಿ, ಅಂದರೆ ಹಳೆಯ ಲಿಂಕ್ ಒತ್ತಿದವರು ತಾನಾಗಿ ಹೊಸ ಪುಟಕ್ಕೆ ಹೋಗುವಂತೆ ಶಾಶ್ವತವಾಗಿ ತಿರುಗಿಸಿ. ಎಲ್ಲವನ್ನೂ ಮುಖಪುಟಕ್ಕೆ ತಿರುಗಿಸಬೇಡಿ. ಬೇವಿನ ಹಿಂಡಿ ಹುಡುಕಿ ಬಂದವರಿಗೆ ಗ್ರೈಂಡರ್ ಕಂಡರೆ ಹೊರಟುಹೋಗುತ್ತಾರೆ. ಹಳೆಯ ಡೊಮೇನನ್ನು ಕಡಿಮೆ ಎಂದರೆ ಒಂದು ವರ್ಷ ಉಳಿಸಿಕೊಳ್ಳಿ. ನಾನು ಇನ್ನೂ ಬಿಟ್ಟಿಲ್ಲ, ಯಾಕಂದರೆ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹಳೆಯ ಲಿಂಕ್‌ಗಳು ಈಗಲೂ ಓಡಾಡುತ್ತಿವೆ.

ಒಂದೇ ಸೈಟ್ ಅಂದರೆ ಎಲ್ಲವನ್ನೂ ಒಂದೇ ರಾಶಿ ಹಾಕುವುದಲ್ಲ. ಅಡುಗೆಮನೆ, ತೋಟ ಅಂತ ವಿಭಾಗ ಮಾಡಿ. 2023ರಿಂದ ಇನ್‌ಸ್ಟಾ ಬಯೋದಲ್ಲಿ ಐದು ಲಿಂಕ್ ಹಾಕಬಹುದು. ಅಲ್ಲಿ ಆಯಾ ವಿಭಾಗದ ಲಿಂಕನ್ನೇ ಕೊಡಿ. ಹೆಸರು ಆರಿಸುವಾಗಲೂ ಜೋಪಾನ. ಸೈಟ್ ಹೆಸರಲ್ಲಿ "ದೋಸೆಹಂಚು" ಅಂತಿದ್ದರೆ ನಾಳೆ ಗ್ರೋ ಬ್ಯಾಗ್ ಬಗ್ಗೆ ಬರೆಯುವುದು ಹೇಗೆ? ಅಮೆಜಾನ್‌ನಂಥ ಕಂಪನಿಯ ಹೆಸರನ್ನು ಡೊಮೇನ್‌ನಲ್ಲಿ ಸೇರಿಸಲೇಬೇಡಿ, ಅವರ ನಿಯಮ ಅದನ್ನು ಒಪ್ಪುವುದಿಲ್ಲ.

ಸೈಟ್ ಮೂರಿದ್ದರೆ ಅಫಿಲಿಯೇಟ್ ಖಾತೆಯೂ (ಕಮಿಷನ್ ಲಿಂಕ್ ಕೊಡುವ ಖಾತೆ) ಮೂರು ಬೇಕು ಅಂತ ಬಹಳ ಜನ ತಿಳಿದಿದ್ದಾರೆ. ಬೇಕಿಲ್ಲ. ಅಮೆಜಾನ್‌ನ ಕಮಿಷನ್ ಯೋಜನೆ ಅಮೆಜಾನ್ ಅಸೋಸಿಯೇಟ್ಸ್‌ನಲ್ಲಿ ಒಂದೇ ಖಾತೆಯೊಳಗೆ ನಿಮ್ಮ ಸೈಟ್‌ಗಳು, ಇನ್‌ಸ್ಟಾ, ಯೂಟ್ಯೂಬ್ ಎಲ್ಲವನ್ನೂ ನಮೂದಿಸಬಹುದು. ಪ್ರತಿಯೊಂದಕ್ಕೂ ಬೇರೆ ಟ್ರ್ಯಾಕಿಂಗ್ ಐಡಿ ಮಾಡಿಕೊಳ್ಳಿ, ಯಾವುದರಿಂದ ಎಷ್ಟು ಮಾರಾಟ ಆಯಿತು ಅಂತ ಗೊತ್ತಾಗುತ್ತದೆ. ಹೊಸ ಖಾತೆಯಲ್ಲಿ 180 ದಿನದೊಳಗೆ ಮೂರು ಮಾರಾಟ ಆಗಲೇಬೇಕು, ಇಲ್ಲದಿದ್ದರೆ ಖಾತೆ ಮುಚ್ಚುತ್ತಾರೆ. ನಿಮ್ಮ ಲಿಂಕ್‌ನಲ್ಲಿ ನೀವೇ ಕೊಂಡದ್ದು ಲೆಕ್ಕಕ್ಕೆ ಬರುವುದಿಲ್ಲ. ಶುರುವಿನಲ್ಲಿ ಗಮನ ಹಂಚಿಹೋದರೆ ಈ ಮೂರು ಮಾರಾಟವೂ ಕಷ್ಟ.

ಇನ್ನೊಂದು ಸಣ್ಣ ವಿಷಯ. ಇನ್‌ಸ್ಟಾ ಒಳಗಿನಿಂದ ಲಿಂಕ್ ಒತ್ತಿದರೆ ಅದು ಇನ್‌ಸ್ಟಾದ ಒಳಗೇ ತೆರೆಯುತ್ತದೆ. ಅಲ್ಲಿ ಅಂಗಡಿಯ ಖಾತೆಗೆ ಲಾಗಿನ್ ಆಗಿರುವುದಿಲ್ಲ. ಪಾಸ್‌ವರ್ಡ್ ಕೇಳಿದ ಕೂಡಲೇ ಎಷ್ಟೋ ಜನ ವಾಪಸ್. "ಮೇಲಿನ ಮೂರು ಚುಕ್ಕಿ ಒತ್ತಿ, ಬ್ರೌಸರ್‌ನಲ್ಲಿ ತೆರೆಯಿರಿ" ಅಂತ ಪುಟದ ಮೊದಲಲ್ಲೇ ಬರೆಯಿರಿ.

ಕಮಿಷನ್ ವಿಷಯ ಮುಚ್ಚಿಡಬೇಡಿ. 2021ರಲ್ಲಿ ಜಾಹೀರಾತು ಮಂಡಳಿ ಆಸ್ಕಿ, 2023ರ ಜನವರಿಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ, ಎರಡೂ ಇದನ್ನು ಸ್ಪಷ್ಟವಾಗಿ ಕಾಣುವಂತೆ ತಿಳಿಸಬೇಕು ಅಂತ ಹೇಳಿವೆ. ನಾನು ರೀಲ್‌ನಲ್ಲೂ ಪುಟದಲ್ಲೂ ಕನ್ನಡದಲ್ಲೇ ಹಾಕುತ್ತೇನೆ: "ಈ ಲಿಂಕ್‌ನಿಂದ ಕೊಂಡರೆ ನನಗೆ ಕಮಿಷನ್ ಬರುತ್ತದೆ, ನೀವು ಜಾಸ್ತಿ ಕೊಡಬೇಕಾಗಿಲ್ಲ." ಇದನ್ನು ಓದಿಯೂ ಜನ ಕೊಳ್ಳುತ್ತಾರೆ.

ಹೊಲಿಗೆಯ ಸೈಟ್ ಬೇರೆಯಾಗಿಯೇ ಇದೆ. ಅದಕ್ಕೆ ಬೇರೆ ಇನ್‌ಸ್ಟಾ ಪುಟವನ್ನೂ ಮಾಡಿದ್ದೇನೆ. ಒಂದೇ ಪುಟದಿಂದ ಎರಡೂ ಕಡೆ ಕಳಿಸುತ್ತಿದ್ದಾಗ ಹೊಲಿಯುವವರು ಅಡುಗೆ ರೀಲ್ಸ್ ನೋಡಿ ಅನ್‌ಫಾಲೋ ಮಾಡುತ್ತಿದ್ದರು.

ತಂಗಿಯ ಮಗಳು ನೋಟ್‌ಬುಕ್ ತುಂಬಿಸಿದಳು. ಅಡುಗೆ, ಆಟಿಕೆ ಎರಡೂ ಕಾಲಂನಲ್ಲಿ ಅದೇ ಸಣ್ಣ ಮಕ್ಕಳ ತಾಯಂದಿರು. ಕ್ರೀಮಿನ ಕಾಲಂನಲ್ಲಿ ಕಾಲೇಜು ಹುಡುಗಿಯರು, ಅದು ಸದ್ಯಕ್ಕೆ ಇನ್‌ಸ್ಟಾದಲ್ಲೇ ಇರಲಿ ಅಂದುಕೊಂಡಿದ್ದೇವೆ. ಒಂದೇ ಡೊಮೇನ್ ಕೊಂಡಿದ್ದಾಳೆ. ಮೊದಲ ಪುಟ ಮಕ್ಕಳ ಊಟದ ಡಬ್ಬಿಯ ಬಗ್ಗೆ. ನಾಲ್ಕು ಡಬ್ಬಿಗೆ ಸಾರು ತುಂಬಿ, ಬ್ಯಾಗ್‌ನಲ್ಲಿಟ್ಟು, ಸ್ಕೂಟರ್‌ನಲ್ಲಿ ಒಂದು ಸುತ್ತು ಹೋಗಿಬಂದು ಯಾವುದು ಸೋರಿತು ಅಂತ ಬರೆಯುತ್ತಿದ್ದಾಳೆ.