ಬ್ರಶ್ ಹಿಡಿದು ಗೊತ್ತಿಲ್ಲದವರ ಜೊತೆ ಒಂದು ಸಂಜೆ

ಮಂಗಳೂರಿನ ಬಿಜೈಯ ಒಂದು ಕೆಫೆಯ ಮಾಳಿಗೆಯಲ್ಲಿ ಶನಿವಾರ ಸಂಜೆ ಪೇಂಟಿಂಗ್ ಕೂಟ ನಡೆಸುತ್ತೇನೆ. ಬ್ಯಾಂಕಿನವರು, ನರ್ಸುಗಳು, ಕಾಲೇಜು ಮಕ್ಕಳು, ಕೆಲವೊಮ್ಮೆ ಅತ್ತೆ-ಸೊಸೆ ಒಟ್ಟಿಗೇ ಬರುತ್ತಾರೆ. ಜಾಸ್ತಿ ಜನ ಶಾಲೆ ಬಿಟ್ಟ ಮೇಲೆ ಬಣ್ಣ ಮುಟ್ಟಿದವರಲ್ಲ. ನಾನು ಮುಂದೆ ನಿಂತು ಬಿಡಿಸುತ್ತೇನೆ, ಅವರು ನೋಡಿಕೊಂಡು ಬಿಡಿಸುತ್ತಾರೆ. ಎರಡೂವರೆ ಗಂಟೆಯಲ್ಲಿ ಮುಗಿಯಬೇಕು.

ಯಾರ ಕ್ಯಾನ್ವಾಸಿಗೂ ನಾನು ಬ್ರಶ್ ತಾಗಿಸುವುದಿಲ್ಲ. "ನೀವೇ ಸ್ವಲ್ಪ ಸರಿ ಮಾಡಿ ಕೊಡಿ ಮೇಡಂ" ಅಂತ ಎಷ್ಟು ಕೇಳಿದರೂ ಇಲ್ಲ. ಪಕ್ಕದಲ್ಲಿ ಒಂದು ಕಾಗದ ಇಟ್ಟು, ಅದರಲ್ಲಿ ಮಾಡಿ ತೋರಿಸುತ್ತೇನೆ. ನಾನು ಒಂದು ಗೆರೆ ಎಳೆದರೂ ಮನೆಯಲ್ಲಿ "ಅದು ಟೀಚರ್ ಮಾಡಿದ್ದು" ಅಂತಲೇ ಹೇಳುತ್ತಾರೆ. ಮತ್ತೆ ಬಂದದ್ದು ಯಾಕೆ, ಅಲ್ವಾ?

ಹಾಗಾಗಿ ಚಿತ್ರದ ಆಯ್ಕೆಯಲ್ಲೇ ಅರ್ಧ ಕೆಲಸ. ಯಕ್ಷಗಾನದ ಮುಖ ಮಾಡಿಸಿ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಮುಖ ಬೇಡ. ಕಣ್ಣು ಚೂರು ಆಚೀಚೆ ಆದರೆ ಎಲ್ಲರಿಗೂ ಗೊತ್ತಾಗುತ್ತದೆ. ಬಂಡೆ ಆಚೀಚೆ ಆದರೂ ಬಂಡೆಯೇ. ಹೊಸಬರಿಗೆ ನಾನು ಕೊಡುವುದು ಉಡುಪಿ ಹತ್ತಿರದ ಕಾಪು ಬೀಚ್: ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ಲೈಟ್‌ಹೌಸ್, ಹಿಂದೆ ಸೂರ್ಯ ಮುಳುಗುವ ಹೊತ್ತು. ಬೆಳಕಿಗೆ ಎದುರಾಗಿ ನಿಂತದ್ದೆಲ್ಲ ಕಪ್ಪಾಗಿ ಕಾಣುವುದರಿಂದ ಕಿಟಕಿ, ಮೆಟ್ಟಿಲು ಯಾವುದೂ ಬಿಡಿಸಬೇಕಾಗಿಲ್ಲ.

10x12 ಇಂಚಿನ ಕ್ಯಾನ್ವಾಸ್, ನೀರಲ್ಲಿ ಕಲಸುವ ಅಕ್ರಿಲಿಕ್, ಐದೇ ಬಣ್ಣ: ಬಿಳಿ, ಕಪ್ಪು, ಹಳದಿ, ಕ್ರಿಮ್ಸನ್ (ಗಾಢ ಕೆಂಪು), ಅಲ್ಟ್ರಾಮರೀನ್ ನೀಲಿ. ಬಿಳಿ ಉಳಿದವುಗಳ ಎರಡರಷ್ಟು ಬೇಕು. ಸಮುದ್ರದ ಗೆರೆ ಸೊಟ್ಟಗಾಗದಂತೆ ಅಡ್ಡಕ್ಕೆ ಮಾಸ್ಕಿಂಗ್ ಟೇಪ್.

ಕಷ್ಟ ಇರುವುದು ಆಕಾಶದಲ್ಲಿ. ಮೇಲೆ ನೀಲಿ, ಕೆಳಗೆ ಹಳದಿ ಹಚ್ಚಿ ನಡುವೆ ಸೇರಿಸಲು ಎಲ್ಲರ ಕೈಯೂ ಓಡುತ್ತದೆ. ಎರಡೂ ಸೇರಿದರೆ ಹಸಿರು. "ಎಂತ ಮಾರಾಯ್ರೆ, ಆಕಾಶಕ್ಕೆ ಪಾಚಿ ಹಿಡಿಯಿತು!" ಅಂತ ಒಬ್ಬರು ಕೂಗಿದ್ದು ನೆನಪಿದೆ. ಅದಕ್ಕೆ ನಾನು ಕೆಳಗಿನಿಂದ ಶುರು ಮಾಡಿಸುತ್ತೇನೆ. ಮೊದಲು ಹಳದಿ. ಅದಕ್ಕೆ ಒಂದು ಚುಕ್ಕೆ ಕ್ರಿಮ್ಸನ್ ಬೆರೆಸಿ ಕಿತ್ತಳೆ. ಅದರ ಮೇಲ್ಗಡೆ ಕ್ರಿಮ್ಸನ್‌ಗೆ ಬಿಳಿ ಬೆರೆಸಿದ ಗುಲಾಬಿಯ ಅಗಲ ಪಟ್ಟಿ. ಈಗ ಬ್ರಶ್ ತೊಳೆದು, ಬಟ್ಟೆಯಲ್ಲಿ ಒರೆಸಿ, ಆಮೇಲೆ ನೀಲಿ. ಗುಲಾಬಿಗೆ ನೀಲಿ ತಾಗಿದರೆ ನೇರಳೆ ಬರುತ್ತದೆ, ಸಂಜೆಗೆ ಬೇಕಾದ್ದೇ ಅದು. ಅಷ್ಟಾಗಿಯೂ ಹಸಿರಾದರೆ ಉಜ್ಜಬಾರದು. ಒಣಗಲು ಬಿಟ್ಟು ಮೇಲೆ ಗುಲಾಬಿ ಹಚ್ಚಿದರೆ ಮುಚ್ಚಿಹೋಗುತ್ತದೆ.

ಒಣಗುವುದು ಮಾತ್ರ ನಮ್ಮೂರಲ್ಲಿ ಬೇರೆಯೇ ಕಥೆ. ಬೇಸಿಗೆಯಲ್ಲಿ ಫ್ಯಾನ್ ಕೆಳಗೆ ಬಣ್ಣ ತಟ್ಟೆಯಲ್ಲೇ ಗಟ್ಟಿಯಾಗುತ್ತದೆ, ಸ್ಪ್ರೇ ಬಾಟಲಿಯಲ್ಲಿ ಆಗಾಗ ನೀರು ಹೊಡೆಯಬೇಕು. ಜುಲೈಯ ತೇವಕ್ಕೆ ಆಕಾಶ ಬೇಗ ಒಣಗುವುದೇ ಇಲ್ಲ. ಹಸಿಯ ಮೇಲೆ ಲೈಟ್‌ಹೌಸ್ ಎಳೆದರೆ ಕಪ್ಪು ಹರಡುತ್ತದೆ. ಅದಕ್ಕೆ ಹೇರ್ ಡ್ರೈಯರ್ ಇಟ್ಟಿದ್ದೇನೆ. ಸರದಿಗೆ ಕಾಯುವಾಗಲೇ ಜನ ಒಬ್ಬರ ಜೊತೆ ಒಬ್ಬರು ಮಾತಿಗಿಳಿಯುತ್ತಾರೆ. ನಾನು ಮಾಡಿಸುವ ಪರಿಚಯದ ಆಟಗಳಿಗಿಂತ ಅದೇ ವಾಸಿ.

ಗಡಿಬಿಡಿ ಮಾಡುವವರಿಗೆ ನಮ್ಮೂರಿನ ಅಲೋಶಿಯಸ್ ಚಾಪೆಲ್ ನೋಡಿ ಬನ್ನಿ ಅನ್ನುತ್ತೇನೆ. ಇಟಲಿಯ ಅಂತೋನಿಯೊ ಮೊಸ್ಕೇನಿ ಅಲ್ಲಿ ಗೋಡೆಗೆ ಫ್ರೆಸ್ಕೋ ಬರೆದದ್ದು 1899ರ ಹೊತ್ತಿಗೆ. ಫ್ರೆಸ್ಕೋ ಅಂದರೆ ಹಸಿ ಗಾರೆಯ ಮೇಲೆಯೇ ಬಣ್ಣ ಹಚ್ಚುವುದು, ಗಾರೆ ಒಣಗುವುದರೊಳಗೆ ಆ ಭಾಗ ಮುಗಿಸಬೇಕು. ನಮಗಾದರೆ ಒಣಗಿದ ಮೇಲೂ ಇನ್ನೊಂದು ಸಲ ಹಚ್ಚಬಹುದು.

ತಿಂಡಿ ಕೊನೆಯಲ್ಲಿ ಮಾತ್ರ. ಗೋಳಿಬಜೆ ತಿಂದ ಬೆರಳು ಕ್ಯಾನ್ವಾಸಿಗೆ ತಾಗಿದರೆ ಆ ಎಣ್ಣೆ ಕಲೆಯ ಮೇಲೆ ಅಕ್ರಿಲಿಕ್ ನಿಲ್ಲುವುದಿಲ್ಲ. ಚಹಾ ಬೇಕಾದರೆ ನಡುವೆ ಕುಡಿಯಲಿ, ಆದರೆ ಲೋಟ ಎಡಕ್ಕೆ, ಬ್ರಶ್ ತೊಳೆಯುವ ನೀರು ಬಲಕ್ಕೆ. ಬ್ರಶ್ ಚಹಾದಲ್ಲಿ ಅದ್ದುವವರು ಇದ್ದೇ ಇರುತ್ತಾರೆ. ಸುಮ್ನೆ ನಗಿಸಲಿಕ್ಕೆ ಹೇಳುತ್ತಿಲ್ಲ.

ಮುಗಿದ ಮೇಲೆ ಎಲ್ಲ ಚಿತ್ರಗಳನ್ನೂ ಗೋಡೆಗೆ ಒರಗಿಸಿ, ಆರಡಿ ಹಿಂದೆ ನಿಲ್ಲಿಸಿ ನೋಡಿಸುತ್ತೇನೆ. ಹತ್ತಿರದಿಂದ ನೋಡಿ ಬೈದುಕೊಂಡವರೂ ಆಗ ಮೊಬೈಲ್ ತೆಗೆಯುತ್ತಾರೆ. ಮಳೆ ಇದ್ದರೆ ಚಿತ್ರಕ್ಕೆ ಪ್ಲಾಸ್ಟಿಕ್ ನೇರ ಸುತ್ತಬೇಡಿ, ಹಸಿ ಬಣ್ಣಕ್ಕೆ ಅಂಟಿಕೊಳ್ಳುತ್ತದೆ. ರಟ್ಟಿನ ಡಬ್ಬದಲ್ಲಿಟ್ಟು, ಡಬ್ಬಕ್ಕೆ ಪ್ಲಾಸ್ಟಿಕ್ ಸುತ್ತಿ ಕಳಿಸುತ್ತೇನೆ.