ಸಿಲಿಂಡರ್‌ನ ಆಟೋಮ್ಯಾಟಿಕ್ ಡ್ರೇನ್ ವಾಲ್ವ್ ಮುಚ್ಚುತ್ತಿರಲಿಲ್ಲ: ನನ್ನ ಅನುಭವ

ಸಣ್ಣ ಸ್ಟೀಮ್ ಎಂಜಿನ್. ಸಿಲಿಂಡರ್‌ನ ಎರಡೂ ತುದಿಯಲ್ಲಿ ಸ್ಪ್ರಿಂಗ್ ಇರುವ ಬಾಲ್ ವಾಲ್ವ್. ಒತ್ತಡ ಇಲ್ಲದಾಗ ಸ್ಪ್ರಿಂಗ್ ಬಾಲ್ ಅನ್ನು ಎತ್ತಿ ಹಿಡಿಯುತ್ತದೆ, ಹಬೆ ತಣ್ಣಗಾಗಿ ಆದ ನೀರು ಹೊರಗೆ ಹೋಗುತ್ತದೆ. ಹಬೆ ಬಂದಾಗ ಬಾಲ್ ಸೀಟಿನ (ತೂತಿನ ಅಂಚಿನ) ಮೇಲೆ ಕೂತು ಮುಚ್ಚಬೇಕು. ಜೋರಾಗಿ ಓಡಿಸಿದರೆ ಮುಚ್ಚುತ್ತಿತ್ತು. ನಿಧಾನ ಮಾಡಿದರೆ ಮಾತ್ರ ಸಿಲಿಂಡರ್ ಪೂರ್ತಿ ಬಿಸಿಯಾದ ಮೇಲೂ ಪ್ರತಿ ಸ್ಟ್ರೋಕ್‌ಗೂ ಹಬೆ ಪುಸ್ ಪುಸ್ ಅಂತ ಸೋರುತ್ತಿತ್ತು.

ಹೊಸ ಬಾಲ್ ಹಾಕಿದೆ. ಸೀಟ್ ಉಜ್ಜಿದೆ. ಅಂಟಿದ್ದ ಎಣ್ಣೆ ತೊಳೆದೆ. ಪೈಪ್ ಬದಲಿಸಿದೆ. ಏನೂ ಆಗಲಿಲ್ಲ.

ತೊಂದರೆ ಇದ್ದದ್ದು ಸ್ಪ್ರಿಂಗ್‌ನಲ್ಲಿ. ವಾಲ್ವ್ ಬಿಚ್ಚಿ, ನೆಟ್ಟಗೆ ನಿಲ್ಲಿಸಿ, ಬಾಲ್ ಮೇಲೆ ತೂಕ ಇಟ್ಟು ನೋಡಿ. ನನ್ನದು ಸೀಟ್ ಮುಟ್ಟಲು 200 ಗ್ರಾಂ ಬೇಕಾಯಿತು. ಸೀಟಿನ ತೂತು 4 ಮಿ.ಮೀ., ಅಂದರೆ ಸುಮಾರು 1.5 ಬಾರ್ ಒತ್ತಡ ಬಂದರಷ್ಟೇ ಅದು ಮುಚ್ಚಿ ನಿಲ್ಲುತ್ತದೆ. ನಿಧಾನ ಓಟದಲ್ಲಿ ಅಷ್ಟು ಎಲ್ಲಿಂದ ಬರಬೇಕು, ಅಲ್ವಾ?

ತೆಳು ತಂತಿಯ ಸ್ಟೇನ್‌ಲೆಸ್ ಸ್ಪ್ರಿಂಗ್ ಸುತ್ತಿ, 40 ಗ್ರಾಂಗೆ ಬಾಲ್ ಸೀಟ್ ಮುಟ್ಟುವಂತೆ ಸುರುಳಿ ಸರಿಮಾಡಿದೆ. ಈಗ ಸುಮಾರು 0.3 ಬಾರ್‌ಗೇ ಮುಚ್ಚಿಕೊಳ್ಳುತ್ತದೆ. ತೂಕ ಇನ್ನೂ ಜಾಸ್ತಿ ಇಳಿಸಬೇಡಿ, ಎಗ್ಸಾಸ್ಟ್‌ನ ಹಿಂಒತ್ತಡಕ್ಕೇ (ಬಳಸಿದ ಹಬೆ ಹೊರಹೋಗುವಾಗ ಸಿಲಿಂಡರ್‌ನಲ್ಲಿ ಉಳಿಯುವ ಒತ್ತಡಕ್ಕೇ) ಬಾಲ್ ಕೂತುಬಿಟ್ಟು ನೀರು ಒಳಗೇ ಉಳಿಯುತ್ತದೆ. ಬಾಲ್ ಏಳುವ ಎತ್ತರ 1 ಮಿ.ಮೀ. ಇಟ್ಟೆ. ಮೊದಲು ತೂಕ, ಆಮೇಲೆ ಎತ್ತರ, ಕೊನೆಗೆ ಮತ್ತೊಮ್ಮೆ ತೂಕ: ಎತ್ತರ ಬದಲಾದರೆ ಸ್ಪ್ರಿಂಗ್ ಬಲವೂ ಬದಲಾಗುತ್ತದೆ.

ಇದು ಒತ್ತಡ ಮಿತಿಮೀರಿದಾಗ ತೆರೆದುಕೊಳ್ಳುವ ರಿಲೀಫ್ ವಾಲ್ವ್ ಅಲ್ಲ. ಬಾಯ್ಲರ್‌ನಿಂದ ಒಮ್ಮೆಲೇ ನೀರು ನುಗ್ಗಿದರೆ ಬಾಲ್ ಮುಚ್ಚಿಕೊಂಡೇ ಇರುತ್ತದೆ. ತಣ್ಣಗಿರುವ ಎಂಜಿನ್ ಶುರು ಮಾಡುವಾಗ ಒಳಗಿನ ನೀರು ಹೋಗಲು ಫ್ಲೈವೀಲ್ ಅನ್ನು ಕೈಯಲ್ಲೇ ನಿಧಾನಕ್ಕೆ ತಿರುಗಿಸಿ.